ಗಾಜಿನ ಕೊಳವೆ ಎಳೆದಾಗ ಒಳಗಿನ ರಂಧ್ರ ಮುಚ್ಚಿಹೋಗುವುದೇಕೆ?

ಪ್ರಶ್ನೆ: ಹೊರವ್ಯಾಸ 20 ಮಿ.ಮೀ., ಒಳವ್ಯಾಸ 10 ಮಿ.ಮೀ. ಇರುವ ಗಾಜಿನ ಕೊಳವೆಯನ್ನು ಕಾಯಿಸಿ ಎಳೆದರೆ 2:1 ಅನುಪಾತ ಹಾಗೇ ಉಳಿಯಬೇಕಲ್ಲವೇ? ರಂಧ್ರ ಲೆಕ್ಕಕ್ಕಿಂತ ಕಿರಿದಾಗುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ.

ಉತ್ತರ: ಮೇಲ್ಮೈ ಎಳೆತ (ದ್ರವದ ಮೇಲ್ಮೈ ತನ್ನನ್ನು ಆದಷ್ಟು ಕುಗ್ಗಿಸಿಕೊಳ್ಳಲು ನೋಡುವ ಗುಣ) ಇಲ್ಲದಿದ್ದರೆ ನಿಮ್ಮ ಲೆಕ್ಕ ಸರಿ. ಕೊಳವೆಯನ್ನು ನಿಮಿಷಕ್ಕೆ 5 ಮಿ.ಮೀ.ನಂತೆ ಕುಲುಮೆಗೆ ಇಳಿಸಿ, ಕೆಳಗಿನಿಂದ ನಿಮಿಷಕ್ಕೆ 10 ಮೀಟರ್ ಎಳೆದರೆ ವೇಗ 2000 ಪಟ್ಟು ಏರುತ್ತದೆ. ಒಳಹೋದಷ್ಟೇ ಗಾಜು ಹೊರಬರಬೇಕು, ಹಾಗಾಗಿ ವ್ಯಾಸ 2000ದ ವರ್ಗಮೂಲದಷ್ಟು, ಅಂದರೆ ಸುಮಾರು 45 ಪಟ್ಟು ಇಳಿಯುತ್ತದೆ: ಹೊರಗೆ 447 ಮೈಕ್ರಾನ್, ಒಳಗೆ 224.

ಕೊಳವೆ ಉದ್ದಕ್ಕೆ ಹೋಲಿಸಿದರೆ ತೀರಾ ತೆಳುವಾದ್ದರಿಂದ ದ್ರವದ ಹರಿವನ್ನು ವಿವರಿಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳನ್ನು ಮೂರು ಸರಳ ಸಮೀಕರಣಗಳಿಗೆ ಇಳಿಸಬಹುದು. ಒಂದು ದ್ರವ್ಯರಾಶಿಯದು. ಇನ್ನೊಂದು ಬಲದ್ದು: ಕೊಳವೆಯನ್ನು ಎಳೆಯುವ ಬಲದ ಮುಖ್ಯ ಭಾಗ ಸ್ನಿಗ್ಧತೆ (ದ್ರವ ಹರಿಯಲು ಒಡ್ಡುವ ತಡೆ), ಗಾಜಿನ ಅಡ್ಡಕೊಯ್ತದ ವಿಸ್ತೀರ್ಣ, ಉದ್ದಕ್ಕೂ ವೇಗ ಏರುವ ದರ ಇವುಗಳ ಗುಣಲಬ್ಧದ 3 ಪಟ್ಟು. ತಂಟೆಯೆಲ್ಲ ಮೂರನೆಯದರಲ್ಲಿ, ಅಂದರೆ ರಂಧ್ರದ ಸಮೀಕರಣದಲ್ಲಿ. ಅಲ್ಲಿ ಮೇಲ್ಮೈ ಎಳೆತ ರಂಧ್ರವನ್ನು ಮುಚ್ಚಲು ನೋಡುತ್ತದೆ, ಸ್ನಿಗ್ಧತೆ ತಡೆಯುತ್ತದೆ.

ದಪ್ಪ ಗೋಡೆಯ ಸಣ್ಣ ರಂಧ್ರ ಮುಚ್ಚಲು ಬೇಕಾದ ಸಮಯ: ಸ್ನಿಗ್ಧತೆ × ರಂಧ್ರದ ತ್ರಿಜ್ಯ × 2 ÷ ಮೇಲ್ಮೈ ಎಳೆತ. ಕರಗಿದ ಸಿಲಿಕಾದ (ಗಾಜಿನ ಮೂಲವಸ್ತು) ಮೇಲ್ಮೈ ಎಳೆತ ಸುಮಾರು 0.3 ನ್ಯೂಟನ್/ಮೀಟರ್. ತ್ರಿಜ್ಯ 0.1 ಮಿ.ಮೀ., ಸ್ನಿಗ್ಧತೆ 1,00,000 ಪಾಸ್ಕಲ್-ಸೆಕೆಂಡ್ ಇದ್ದರೆ 67 ಸೆಕೆಂಡು. ಗಾಜು ಇನ್ನೂ ಕಾದು ಸ್ನಿಗ್ಧತೆ 10,000ಕ್ಕೆ ಇಳಿದರೆ ಬರೀ 7. ಬಿಸಿ ವಲಯದಲ್ಲಿ ಗಾಜು ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ರಂಧ್ರದ ಆಸೆ ಬಿಡಿ.

ಒಳಗೆ ಗಾಳಿಯ ಒತ್ತಡ ಕೊಟ್ಟರಾಯಿತಲ್ಲ ಎನ್ನಬಹುದು. ಎಷ್ಟು ಕೊಡುತ್ತೀರಿ? ಸಮತೋಲಕ್ಕೆ ಬೇಕಾದ ಒತ್ತಡ ಎಂದರೆ ಮೇಲ್ಮೈ ಎಳೆತವನ್ನು ಒಳ, ಹೊರ ಎರಡೂ ತ್ರಿಜ್ಯಗಳಿಂದ ಬೇರೆಬೇರೆಯಾಗಿ ಭಾಗಿಸಿ ಕೂಡಿದ್ದು. ಕುಲುಮೆಯ ಬಾಯಲ್ಲಿ ಅದು 90 ಪಾಸ್ಕಲ್, ಕೆಳತುದಿಯಲ್ಲಿ ಸುಮಾರು 4000. ಒಳಗಿನ ಒತ್ತಡವೋ ಎಲ್ಲೆಡೆ ಹೆಚ್ಚೂಕಡಿಮೆ ಒಂದೇ. ಕೆಳಗಿನದಕ್ಕೆ ತಕ್ಕಂತೆ ಕೊಟ್ಟರೆ ಮೇಲುಭಾಗ ಬಲೂನಿನಂತೆ ಉಬ್ಬಿ ಒಡೆಯುತ್ತದೆ.

ಆದ್ದರಿಂದ ಮೊದಲು ಕುಲುಮೆಯ ಶಾಖ ಇಳಿಸಿ, ಇಲ್ಲವೇ ಇಳಿಸುವ ಮತ್ತು ಎಳೆಯುವ ವೇಗಗಳೆರಡನ್ನೂ ಒಂದೇ ಪ್ರಮಾಣದಲ್ಲಿ ಏರಿಸಿ. ಒತ್ತಡ ಉಳಿದ ಸಣ್ಣ ತಿದ್ದುಪಡಿಗೆ ಮಾತ್ರ. ಶಾಖ ಇಳಿಸಿದರೂ ವೇಗ ಏರಿಸಿದರೂ ಎಳೆಯುವ ಬಲ ಹೆಚ್ಚುತ್ತದೆ, ಮಿತಿ ಮೀರಿದರೆ ಕೊಳವೆ ತುಂಡಾಗುತ್ತದೆ.

ಅಂದಹಾಗೆ, ಉಷ್ಣತೆ ಉದ್ದಕ್ಕೂ ಒಂದೇ ಎಂದು ಹಿಡಿದ ಸರಳ ಮಾದರಿಯಲ್ಲಿ ರಂಧ್ರವಿಲ್ಲದ ಗಟ್ಟಿ ಎಳೆಯ ವೇಗದ ಅನುಪಾತ ಸುಮಾರು 20 ದಾಟಿದರೇ ವ್ಯಾಸ ಏರಿಳಿಯತೊಡಗಬೇಕು. 2000 ಪಟ್ಟು ಎಳೆದರೂ ನಿಭಾಯಿಸುವುದು ಮುಖ್ಯವಾಗಿ ಗಾಜು ಕೆಳಗಿಳಿಯುತ್ತ ತಣಿದು ಗಡುಸಾಗುವುದರಿಂದ. ಮಾದರಿಯಲ್ಲಿ ಶಾಖದ ಸಮೀಕರಣ ಬಿಟ್ಟವರಿಗೆ ಇದು ಕಾಣುವುದೇ ಇಲ್ಲ.