ರಕ್ತ ಎಷ್ಟು ಹೋಯಿತು? ಬೆಳಗಾವಿಯ ಹಳ್ಳಿಗಳಲ್ಲಿ ಅಳೆದು ನೋಡಿದ ಕಥೆ

ಮಗು ಅತ್ತಿತು ಎಂದರೆ ಹೊರಗೆ ಕೂತವರಿಗೆ ಹೆರಿಗೆ ಮುಗಿದ ಹಾಗೆ. ಗಂಡೋ ಹೆಣ್ಣೋ ಎಂದು ಕೇಳುತ್ತಾರೆ, ಪೇಡೆ ತರಿಸುತ್ತಾರೆ. ಒಳಗೆ ತಾಯಿಗೆ ದೊಡ್ಡ ಅಪಾಯ ಶುರುವಾಗುವುದು ಆಗಲೇ. ಕಸ, ಅಂದರೆ ಮಾಸು, ಬಿದ್ದ ಮೇಲೆ ಸ್ವಲ್ಪ ರಕ್ತ ಹೋಗುವುದು ಸಹಜ. ಅದು ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಹೆರಿಗೆ ಎಂದರೆ ಮರುಹುಟ್ಟು ಎಂದು ನಮ್ಮ ಹಿರಿಯ ಹೆಂಗಸರು ಹೇಳುವುದು ಸುಮ್ನೆ ಅಲ್ಲ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತಿರುತ್ತದೆ. ಕಸ ಬಿಟ್ಟುಕೊಂಡಾಗ ಆ ಜಾಗದ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಗರ್ಭಕೋಶದ ಸ್ನಾಯುಗಳು ಬಿಗಿಯಾಗಿ ಮುದುಡಿ ಅವನ್ನು ಹಿಸುಕಿ ಮುಚ್ಚಬೇಕು. ಸಿಸ್ಟರ್ ಹೊಟ್ಟೆ ಮುಟ್ಟಿ ನೋಡುವುದು ಅದಕ್ಕೇ. ಗಟ್ಟಿ ಚೆಂಡಿನ ಹಾಗಿದ್ದರೆ ನೆಮ್ಮದಿ. ಮೆತ್ತಗಿದ್ದರೆ ಗಾಬರಿ. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗುವವರಲ್ಲಿ ಹೆಚ್ಚಿನವರಿಗೆ ಕಾರಣ ಈ ಸಡಿಲವೇ.

ಗರ್ಭಕೋಶ ಬಿಗಿಯಾಗಿಸುವ ಔಷಧ ಹೊಸದೇನಲ್ಲ. ಧಾನ್ಯದ ತೆನೆಗೆ ತಗಲುವ ಒಂದು ಬೂಷ್ಟಿನಿಂದ 1935ರಲ್ಲಿ ಎರ್ಗೋಮೆಟ್ರಿನ್ ಬೇರ್ಪಡಿಸಿದರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿಗ್ನೋ ಪ್ರಯೋಗಾಲಯದಲ್ಲೇ ಆಕ್ಸಿಟೋಸಿನ್ ತಯಾರಿಸಿದರು. ಎರಡು ವರ್ಷದ ನಂತರ ಅವರಿಗೆ ನೊಬೆಲ್ ಬಂತು. ಇವತ್ತಿಗೂ ಆಕ್ಸಿಟೋಸಿನ್ನೇ ಮೊದಲ ಆಯ್ಕೆ. ಆದರೆ ಅದಕ್ಕೆ ಫ್ರಿಜ್ಜಿನ ತಂಪು ಬೇಕು. ಇಂಜೆಕ್ಷನ್ ಕೊಡಬಲ್ಲ ಕೈ ಬೇಕು. ಕರೆಂಟು ಹೋಗಿ ಬರುವ ಸಬ್‌ಸೆಂಟರಿನಲ್ಲಿ, ರಾತ್ರಿ ಮನೆಯಲ್ಲೇ ಆಗುವ ಹೆರಿಗೆಯಲ್ಲಿ ಎರಡೂ ಸಿಗುತ್ತಿರಲಿಲ್ಲ. 2005-06ರಲ್ಲೂ ಕರ್ನಾಟಕದಲ್ಲಿ ಮೂರರಲ್ಲಿ ಒಂದು ಹೆರಿಗೆ ಆಸ್ಪತ್ರೆಯ ಹೊರಗೇ ಆಗುತ್ತಿತ್ತು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಈ ಕೊರತೆಯ ಬೆನ್ನು ಹತ್ತಿದರು. ಡಾ. ಭಾಲಚಂದ್ರ ಕೊಡಕನಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ತಂಡದಲ್ಲಿದ್ದರು. ಅವರ ಕಣ್ಣು ಬಿದ್ದದ್ದು ಮಿಸೊಪ್ರೊಸ್ಟಾಲ್ ಮೇಲೆ. ಮೂಲದಲ್ಲಿ ಅದು ಹೊಟ್ಟೆ ಹುಣ್ಣಿನ ಮಾತ್ರೆ. ಅಗ್ಗ. ಫ್ರಿಜ್ ಬೇಡ, ಸೂಜಿ ಬೇಡ. ಗರ್ಭಕೋಶವನ್ನೂ ಬಿಗಿಯಾಗಿಸುತ್ತದೆ.

ಆದರೆ 2001ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದು ಬಂದಿತ್ತು. ಆಸ್ಪತ್ರೆಯಲ್ಲಿ ಹೋಲಿಸಿ ನೋಡಿದರೆ ಆಕ್ಸಿಟೋಸಿನ್ನೇ ಮೇಲು ಎಂದು ಅದು ತೋರಿಸಿತು. ಅದು ನಿಜವೂ ಹೌದು. ಆದರೆ ಆಕ್ಸಿಟೋಸಿನ್ ಸಿಗದ ಊರಿನ ಹೆಂಗಸಿಗೆ ಈ ಉತ್ತರದಿಂದ ಏನು ಉಪಯೋಗ? ಅವಳ ಮುಂದಿದ್ದ ಆಯ್ಕೆ ಎರಡೇ: ಮಾತ್ರೆ, ಇಲ್ಲವೇ ಏನೂ ಇಲ್ಲ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಪರೀಕ್ಷೆ ನಡೆಯಿತು. 1620 ಹೆಂಗಸರು ಪಾಲ್ಗೊಂಡರು. ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ಹೋಲಿಸಿ ನೋಡಲೆಂದು ಔಷಧವಿಲ್ಲದ ಖಾಲಿ ಮಾತ್ರೆ. ಹೆರಿಗೆ ಮಾಡಿಸಿದ್ದು, ಮಾತ್ರೆ ಕೊಟ್ಟಿದ್ದು, ರಕ್ತ ಅಳೆದದ್ದು ಎಲ್ಲವೂ 25 ಮಂದಿ ಎಎನ್‌ಎಂ ಸಿಸ್ಟರುಗಳು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇವರೇ. ಹಳ್ಳಿಯ ಸಿಸ್ಟರುಗಳು ಜಗತ್ತೇ ನಂಬುವಂಥ ಲೆಕ್ಕ ಇಟ್ಟರು.

ಅಳೆದದ್ದು ಹೇಗೆ? ಅಲ್ಲಿಯವರೆಗೆ ರೂಢಿಯಲ್ಲಿದ್ದದ್ದು ಕಣ್ಣಂದಾಜು. ಬಟ್ಟೆ ಎಷ್ಟು ನೆನೆದಿದೆ, ನೆಲದ ಮೇಲೆ ಎಷ್ಟಿದೆ ಎಂದು ನೋಡಿ ಹೇಳುವುದು. ಈ ತಂಡ ಒಂದು ಪ್ಲಾಸ್ಟಿಕ್ ಹಾಳೆ ತಯಾರಿಸಿತು. ಮಗು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸುತ್ತಾರೆ. ಅದರ ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಎಂಎಲ್ ಗುರುತುಗಳು. ರಕ್ತ ಅಲ್ಲಿಗೆ ಇಳಿಯುತ್ತದೆ, ಎಷ್ಟೆಂದು ಓದಿಕೊಳ್ಳಬಹುದು. ಕಣ್ಣಂದಾಜಿನ ಜೊತೆ ಇಟ್ಟು ನೋಡಿದಾಗ, ಅಂದಾಜು ಈ ಅಳತೆಗಿಂತ ಶೇ 33ರಷ್ಟು ಕಡಿಮೆ ಇತ್ತು. ಅಂದರೆ 600 ಎಂಎಲ್ ಹೋಗಿದ್ದರೆ ನೋಡಿದವರ ಲೆಕ್ಕದಲ್ಲಿ ಅದು 400. ಅಪಾಯದ ಗೆರೆ 500. ಎಷ್ಟು ತಾಯಂದಿರು ಆ ಗೆರೆ ದಾಟಿದ್ದು ಯಾರಿಗೂ ತಿಳಿಯದೆ ಹೋಗಿರಬಹುದು, ಅಲ್ವಾ?

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಖಾಲಿ ಮಾತ್ರೆ ನುಂಗಿದವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಶೇ 6.4 ಮಂದಿಗೆ. ಒಂದು ಲೀಟರ್ ದಾಟುವಷ್ಟು ರಕ್ತ ಹೋದವರು ಶೇ 1.2ರಿಂದ ಶೇ 0.2ಕ್ಕೆ ಇಳಿದರು. ನಡುಕ, ಜ್ವರ ಹೆಚ್ಚು ಬಂದವು, ತಾನಾಗಿ ಕಡಿಮೆಯಾದವು.

ಅರ್ಧದಷ್ಟು ಹೆಂಗಸರಿಗೆ ಖಾಲಿ ಮಾತ್ರೆ ಕೊಟ್ಟಿದ್ದು ಸರಿಯೇ? ಈ ಪ್ರಶ್ನೆ ಏಳಲೇಬೇಕು. ಆಗ ಅಲ್ಲಿನ ಮಾಮೂಲಿ ಆರೈಕೆಯಲ್ಲಿ ಯಾವ ಔಷಧವೂ ಇರಲಿಲ್ಲ. ಆದ್ದರಿಂದ ಸಿಗುತ್ತಿದ್ದುದನ್ನು ಯಾರಿಂದಲೂ ಕಿತ್ತುಕೊಂಡಂತಾಗಲಿಲ್ಲ. ಆದರೂ ಔಷಧ ಇರುವುದು ಗೊತ್ತಿದ್ದೂ ಹಳ್ಳಿಗೆ ತಲುಪಿಸದೆ ದಶಕಗಳನ್ನು ಕಳೆದ ವ್ಯವಸ್ಥೆಯದೇ ಮೊದಲ ತಪ್ಪು ಎಂದು ನನಗನಿಸುತ್ತದೆ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಇಲ್ಲದ ಕಡೆ ಇದನ್ನು ಕೊಡಿ ಎಂದು ಮರುವರ್ಷ ಸಲಹೆ ಕೊಟ್ಟಿತು.

ಆಕ್ಸಿಟೋಸಿನ್ ಎಂದರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಎಮ್ಮೆಗೆ ಹಾಲಿಳಿಸಲು ಚುಚ್ಚುವ ಇಂಜೆಕ್ಷನ್. ಆ ದುರುಪಯೋಗ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಅದನ್ನು ತಯಾರಿಸದಂತೆ ಆದೇಶಿಸಿತು. ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದೇ ತಯಾರಿಸಬೇಕು ಎಂದಿತು. ಹೆರಿಗೆ ವೈದ್ಯರು ಹೆದರಿದರು. ಇಡೀ ದೇಶದ ತಾಯಂದಿರ ಔಷಧ ಒಂದೇ ಕಾರ್ಖಾನೆಯಿಂದ ಬರಬೇಕೆಂದರೆ ಹೆದರಿಕೆ ಸಹಜ. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಅದೇ ವರ್ಷ ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಎಂಬ ಇಂಜೆಕ್ಷನ್ನಿನ ಪರೀಕ್ಷೆಯೂ ಮುಗಿಯಿತು. ಭಾರತವೂ ಸೇರಿ 10 ದೇಶಗಳ 29,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ರಕ್ತ ತಡೆಯುವುದರಲ್ಲಿ ಅದು ಆಕ್ಸಿಟೋಸಿನ್‌ಗೆ ಕಡಿಮೆ ಇಲ್ಲ ಎಂದು ತಿಳಿಯಿತು.

ಇನ್ನು ಆ ಎಂಎಲ್ ಗುರುತಿನ ಚೀಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ 2023ರಲ್ಲಿ ಬಂತು. ಅಲ್ಲೂ ಇಂಥದೇ ಚೀಲದಲ್ಲಿ ರಕ್ತ ಅಳೆದರು. ಗೆರೆ ಮುಟ್ಟಿದ ಕೂಡಲೇ ಹೊಟ್ಟೆ ನೀವುವುದು, ಗರ್ಭಕೋಶ ಬಿಗಿಯಾಗಿಸುವ ಔಷಧ, ರಕ್ತ ಹೆಪ್ಪುಗಟ್ಟಿ ನಿಲ್ಲಲು ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೆ ಮಾಡಿದರು. ಒಂದಾದ ಮೇಲೊಂದು ಎಂದು ಕಾಯಲಿಲ್ಲ. ತೀವ್ರ ತೊಂದರೆ ಶೇ 60ರಷ್ಟು ಇಳಿಯಿತು. ಮಾಮೂಲಿ ಆರೈಕೆಯಿದ್ದ ಆಸ್ಪತ್ರೆಗಳಲ್ಲಿ ರಕ್ತಸ್ರಾವದ ಸುಮಾರು ಅರ್ಧ ಪ್ರಕರಣಗಳು ಗಮನಕ್ಕೇ ಬರುತ್ತಿರಲಿಲ್ಲ. ಅಳೆದ ಕಡೆ ಶೇ 93 ಸಿಕ್ಕಿಬಿದ್ದವು.

ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಬಂತು. ಇದರಲ್ಲಿ ದೊಡ್ಡ ಪಾಲು ಆಸ್ಪತ್ರೆ ಹೆರಿಗೆ ಹೆಚ್ಚಿದ್ದಕ್ಕೆ, ಆಂಬುಲೆನ್ಸ್ ಬಂದದ್ದಕ್ಕೆ, ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಯರಿಗೆ ಸಲ್ಲಬೇಕು. ಆದರೂ ದಕ್ಷಿಣದ ಐದು ರಾಜ್ಯಗಳಲ್ಲಿ ಆ ಲೆಕ್ಕದಲ್ಲಿ ನಾವೇ ಹಿಂದಿದ್ದೆವು. ಕೇರಳದ ಸಂಖ್ಯೆ ಆಗ 19.

ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇತ್ತು. ಮೊದಲೇ ರಕ್ತ ಕಡಿಮೆ ಇರುವವಳಿಗೆ 500 ಎಂಎಲ್ ಎಂಬ ಗೆರೆ ತೀರಾ ದೂರದ್ದು. ಆಫ್ರಿಕಾದ ಅಧ್ಯಯನದಲ್ಲಿ 300 ಎಂಎಲ್ ದಾಟಿ, ನಾಡಿ ಇಲ್ಲವೇ ಬಿಪಿ ಏರುಪೇರಾದರೂ ಸಾಕು, ಅಷ್ಟಕ್ಕೇ ಚಿಕಿತ್ಸೆ ಶುರು ಮಾಡುತ್ತಿದ್ದರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಹೊಸ ಮಾರ್ಗಸೂಚಿಯಲ್ಲಿ ಈ 300ರ ಗೆರೆಯನ್ನು ಒಪ್ಪಿಕೊಂಡಿತು.