ಸರ್ವಾನುಮತವೂ ಸಾಲದ ಮಸೂದೆ

ಶಾಸನಗಳನ್ನು ಓದಿ ಅಭಿಪ್ರಾಯ ಕೊಡುವುದು ನನ್ನ ಕೆಲಸ. ಯಾವುದೇ ಕಾಯ್ದೆ ಕೈಗೆ ಬಂದರೂ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂದು ಮೊದಲು ನೋಡುತ್ತೇನೆ. ಬ್ರಿಟನ್ನಿನೊಳಗಿನ ಸ್ಕಾಟ್ಲೆಂಡಿಗೆ ಸ್ವಂತ ಸಂಸತ್ತು ಕೊಟ್ಟ 1998ರ ಸ್ಕಾಟ್ಲೆಂಡ್ ಕಾಯ್ದೆಯ 29ನೇ ಸೆಕ್ಷನ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಸ್ಕಾಟಿಷ್ ಸಂಸತ್ತು ವ್ಯಾಪ್ತಿ ಮೀರಿ ಮಾಡಿದ್ದು, ಮೀರಿದಷ್ಟರ ಮಟ್ಟಿಗೆ, ಕಾನೂನೇ ಅಲ್ಲ.

ವ್ಯಾಪ್ತಿ ಎಂದರೆ ವಿಷಯಗಳ ಪಟ್ಟಿ ಎಂದೇ ಹಲವರ ತಿಳಿವಳಿಕೆ. ಪಟ್ಟಿಯೇನೋ ಇದೆ. ರಕ್ಷಣೆ, ವಿದೇಶಾಂಗ, ವಲಸೆಯಂಥವನ್ನು ಐದನೇ ಅನುಸೂಚಿ ಲಂಡನ್ನಿಗೇ ಉಳಿಸಿದೆ. ಸ್ವಾತಂತ್ರ್ಯದ ಜನಮತಗಣನೆಯ ಮಸೂದೆಯನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರಲ್ಲಿ ತಡೆದದ್ದು ಈ ಪಟ್ಟಿಯ ಆಧಾರದ ಮೇಲೆಯೇ. ಆದರೆ ಪಟ್ಟಿಯಲ್ಲಿ ಕಾಣದ ಗೆರೆಯೂ ಒಂದಿದೆ. ಸ್ಕಾಟ್ಲೆಂಡಿಗೆ ಕಾನೂನು ಮಾಡುವ ಬ್ರಿಟನ್ ಸಂಸತ್ತಿನ ಅಧಿಕಾರಕ್ಕೆ ಇದರಿಂದ ಕುಂದಿಲ್ಲ ಎನ್ನುವ, ಅದೇ ಕಾಯ್ದೆಯ ಸೆಕ್ಷನ್ 28(7).

ಒಂದೇ ವಾಕ್ಯ. ಅದರ ತೂಕ ಗೊತ್ತಾಗಿದ್ದು ಮಕ್ಕಳ ಹಕ್ಕುಗಳ ಮಸೂದೆಯಲ್ಲಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಸ್ಕಾಟಿಷ್ ಕಾನೂನಿಗೆ ಸೇರಿಸುವ ಈ ಮಸೂದೆಗೆ 2021ರ ಮಾರ್ಚ್‌ನಲ್ಲಿ ಒಂದೇ ಒಂದು ವಿರೋಧ ಮತವೂ ಬೀಳಲಿಲ್ಲ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಕೆಲವು ಸೆಕ್ಷನ್‌ಗಳು ವ್ಯಾಪ್ತಿ ಮೀರಿವೆ ಎಂದಿತು. ಉದ್ದೇಶದ ಬಗ್ಗೆ ತಕರಾರಿರಲಿಲ್ಲ. ಬ್ರಿಟನ್ ಸಂಸತ್ತಿನ ಕಾಯ್ದೆಗಳನ್ನೂ ಒಡಂಬಡಿಕೆಗೆ ಹೊಂದುವಂತೆ ಅರ್ಥೈಸಿ, ಹೊಂದದ ಹಳೆಯವನ್ನು ರದ್ದುಮಾಡಿ ಎಂದು ನ್ಯಾಯಾಲಯಗಳಿಗೆ ಹೇಳಿದ್ದೇ 28(7)ರ ಮುಂದೆ ತೊಡಕಾಯಿತು. ಅಧಿಕಾರಿಗಳು ಒಡಂಬಡಿಕೆಗೆ ಹೊಂದುವಂತೆ ನಡೆಯಬೇಕು ಎನ್ನುವ ಸೆಕ್ಷನ್ ಅಗಲವಾಗಿ ಬರೆದಿದ್ದರೂ ವ್ಯಾಪ್ತಿಯೊಳಗೆ ಹಿಡಿಸುವಂತೆ ಕಿರಿದಾಗಿ ಓದಬಹುದಲ್ಲ ಎಂಬ ವಾದವನ್ನೂ ನ್ಯಾಯಪೀಠ ಒಪ್ಪಲಿಲ್ಲ. ಇದು ಸರಿಯೆಂದೇ ನನ್ನ ಅಭಿಪ್ರಾಯ. ಕಾಯ್ದೆ ಓದಿದವನಿಗೆ ಕಾನೂನು ಏನೆಂದು ತಿಳಿಯಬೇಕು. ನ್ಯಾಯಾಧೀಶರು ಆಮೇಲೆ ಕತ್ತರಿಸಿಕೊಳ್ಳಲಿ ಎಂದು ಬರೆಯುವುದು ಕರಡುಗಾರನ ಧರ್ಮವಲ್ಲ.

ತಿದ್ದಿದ ಕಾಯ್ದೆ 2024ರ ಜುಲೈ 16ರಿಂದ ಜಾರಿಯಲ್ಲಿದೆ. ಅಧಿಕಾರಿಗಳ ಮೇಲಿನ ಆ ಹೊಣೆ ಈಗ ಮುಖ್ಯವಾಗಿ ಸ್ಕಾಟಿಷ್ ಸಂಸತ್ತೇ ಮಾಡಿದ ಕಾಯ್ದೆಗಳಡಿಯ ಕೆಲಸಗಳಿಗೆ ಸೀಮಿತ. ಇದರ ಬಿಸಿ ತಟ್ಟುವುದು ಮಕ್ಕಳಿಗೆ. ಶಾಲಾ ಶಿಕ್ಷಣ ಸಂಪೂರ್ಣ ಸ್ಕಾಟ್ಲೆಂಡಿನದೇ ವಿಷಯ. ಆದರೆ ಅಲ್ಲಿನ ಮೂಲ ಶಿಕ್ಷಣ ಕಾಯ್ದೆ 1980ರದು, ಅಂದರೆ ಎಡಿನ್‌ಬರೋದಲ್ಲಿ ಸ್ಕಾಟಿಷ್ ಸಂಸತ್ತು ಕೂರುವುದಕ್ಕೂ ಮುಂಚಿನದು, ವೆಸ್ಟ್‌ಮಿನ್‌ಸ್ಟರ್, ಅಂದರೆ ಬ್ರಿಟನ್ ಸಂಸತ್ತು, ಮಾಡಿದ್ದು. ಆ ಕಾಯ್ದೆಯಡಿ ಸ್ಥಳೀಯ ಕೌನ್ಸಿಲ್ ಒಂದು ಮಗುವಿನ ಬಗ್ಗೆ ನಿರ್ಧಾರ ಮಾಡಿದರೆ ಹೊಸ ಹೊಣೆ ಅದಕ್ಕೆ ತಾಗದು. ಪಕ್ಕದ ಮೇಜಿನಲ್ಲಿ ಎಡಿನ್‌ಬರೋ ಕಾಯ್ದೆಯಡಿ ಆದ ನಿರ್ಧಾರಕ್ಕೆ ತಾಗುತ್ತದೆ. ಆದ್ದರಿಂದ ಇಂಥ ಪ್ರಕರಣದಲ್ಲಿ ವಕೀಲರು ಮೊದಲು ಕೇಳಬೇಕಾದ್ದು ನಿರ್ಧಾರ ಯಾವ ಸೆಕ್ಷನ್‌ನಡಿ ಆಯಿತು, ಆ ಸೆಕ್ಷನ್ ಇರುವ ಕಾಯ್ದೆ ಯಾವ ಸಂಸತ್ತಿನದು ಎಂದು. ಹಳೆಯ ಶಿಕ್ಷಣ ಕಾಯ್ದೆಯನ್ನು ತನ್ನದೇ ಕಾಯ್ದೆಯಾಗಿ ಮತ್ತೆ ಬರೆಯಲು ಸ್ಕಾಟಿಷ್ ಸಂಸತ್ತಿಗೆ ಅಧಿಕಾರವಿದೆ. ಆ ಕೆಲಸ ಬೇಗ ಆಗಬೇಕು.