ತೊಳೆದರೂ ಬೆಳ್ಳಗೇ ಉಳಿಯುವ ಬೆಡ್ ಲೈನರ್

ಪ್ರಶ್ನೆ: ನನ್ನ ಪಿಕಪ್‌ನ ಸಾಮಾನು ಹೇರುವ ಹಿಂದಿನ ಬೆಡ್‌ಗೆ ಕಪ್ಪು ಲೈನರ್ (ತಗಡಿನ ಮೇಲಿನ ರಕ್ಷಣಾ ಹೊದಿಕೆ) ಇದೆ. ಎಷ್ಟು ಉಜ್ಜಿ ತೊಳೆದರೂ ಒಣಗಿದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಯಾವುದರಿಂದ ತೊಳೆಯಬೇಕು? ಟೈರ್‌ಗೆ ಹಾಕುವ ಪಾಲಿಶ್ ಬಳಿಯಬಹುದೇ?

ಉತ್ತರ: ಪಾಲಿಶ್ ಬೇಡ, ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ಆ ಬಿಳುಪು ಎಲ್ಲಿಂದ ಬಂತು ಅಂತ ಪತ್ತೆ ಮಾಡಿ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅಂಗೈಯಗಲದ ಜಾಗಕ್ಕೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು ಒಣಗಲು ಬಿಡಿ. ಅಷ್ಟು ಜಾಗ ಮಾತ್ರ ಕಪ್ಪಾಗಿ ಉಳಿದರೆ ನಿಮ್ಮ ಲೈನರ್ ಮೇಲೆ ಕೂತಿರುವುದು ಗಡಸು ನೀರಿನ ಲವಣ. ಏನೂ ಬದಲಾಗದೆ, ಒಣಗಿದ ಜಾಗವನ್ನು ಬೆರಳಿನಿಂದ ಒತ್ತಿ ಉಜ್ಜಿದಾಗ ಸೀಮೆಸುಣ್ಣದಂಥ ನುಣ್ಣನೆ ಪುಡಿ ಹತ್ತಿದರೆ ಅದು ಬಿಸಿಲಿನ ಕೆಲಸ. ನೇರಳಾತೀತ ಕಿರಣಗಳಿಗೆ ಲೈನರ್‌ನ ಮೇಲ್ಪದರ ಸವೆದು ಪುಡಿಯಾಗಿರುತ್ತದೆ. ಅದನ್ನು ಯಾವ ಸೋಪೂ ಮತ್ತೆ ಕಪ್ಪಾಗಿಸಲಾರದು. ಗಟ್ಟಿ ಬ್ರಷ್ ಹಿಡಿದು ತಿಕ್ಕಿದಷ್ಟೂ ಪದರ ಇನ್ನಷ್ಟು ಸವೆಯುತ್ತದೆ, ಅಷ್ಟೇ. ಆದರೆ ಈ ಬಿಳುಪು ಬಹುಪಾಲು ನೋಟಕ್ಕಷ್ಟೇ ಸಂಬಂಧಿಸಿದ್ದು. ದಪ್ಪ ಉಳಿದಿರುವವರೆಗೆ ಲೈನರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಲೈನರ್ ಇರುವುದು ಕೆಳಗಿನ ತಗಡನ್ನು ಕಾಪಾಡಲು. ತಾನು ಚೆಂದ ಕಾಣುವುದು ಅದರ ಕೆಲಸವಲ್ಲ. ತೊಳೆಯುವಾಗಲೂ ತಗಡಿನ ಯೋಚನೆಯೇ ಇರಲಿ. ಹಾಗಾಗಿ ನಿಮ್ಮದು ಯಾವ ಬಗೆಯ ಲೈನರ್ ಎಂಬುದು ಮುಖ್ಯ. ಅಚ್ಚಿನಲ್ಲಿ ಮಾಡಿದ ಪಾಲಿಎಥಿಲೀನ್ ತೊಟ್ಟಿಯನ್ನು ಬೆಡ್‌ನೊಳಗೆ ಕೂರಿಸಿದ್ದರೆ ಅದು ಡ್ರಾಪ್-ಇನ್. ಪಾಲಿಯೂರಿಥೇನ್ ಅಥವಾ ಪಾಲಿಯೂರಿಯಾವನ್ನು ನೇರವಾಗಿ ತಗಡಿನ ಮೇಲೆ ಸಿಂಪಡಿಸಿದ್ದರೆ ಸ್ಪ್ರೇ-ಆನ್.

ಹೆಚ್ಚು ಎಚ್ಚರ ಬೇಕಾದದ್ದು ಡ್ರಾಪ್-ಇನ್‌ಗೆ. ಮೇಲಿನಿಂದ ನೋಡಿದರೆ ಅದಕ್ಕೆ ಏನೂ ಆಗಿರುವುದಿಲ್ಲ, ಪೈಪು ಹಿಡಿದು ನೀರು ಹೊಡೆದರೆ ಫಳಫಳ ಅನ್ನುತ್ತದೆ. ಆದರೆ ಅಂಚಿನ ಸಂದಿಯಿಂದ ಮರಳು, ದೂಳು, ಎಲೆಚೂರು, ನೀರು ಎಲ್ಲವೂ ಕೆಳಗಿಳಿಯುತ್ತವೆ. ಗಾಡಿ ಓಡುವಾಗ ಪ್ಲಾಸ್ಟಿಕ್ ತೊಟ್ಟಿ ಸಣ್ಣಗೆ ಅದುರುತ್ತಲೇ ಇರುತ್ತದೆ, ನಡುವೆ ಸಿಕ್ಕ ಮರಳು ಉಪ್ಪುಕಾಗದದ ಹಾಗೆ ಬಣ್ಣವನ್ನು ಉಜ್ಜುತ್ತದೆ. ಬಣ್ಣ ಹೋದ ಕಡೆ ತೇವ ನಿಂತು ತುಕ್ಕು ಶುರುವಾಗುತ್ತದೆ. ನೀವು ಮೇಲಿನಿಂದ ಹೊಡೆದ ನೀರಿನಲ್ಲೂ ಒಂದಿಷ್ಟು ಅಲ್ಲಿಗೇ ಇಳಿದಿರುತ್ತದೆ.

ಆದ್ದರಿಂದ ವರ್ಷಕ್ಕೆ ಒಂದೆರಡು ಸಲ ಅದನ್ನು ಹೊರತೆಗೆಯಲೇಬೇಕು. ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಬಾಗುತ್ತದೆ, ಚಳಿಯಲ್ಲಿ ಬಿರುಸಾಗಿ ಹಟ ಹಿಡಿಯುತ್ತದೆ. ಸ್ಕ್ರೂ, ಕ್ಲಿಪ್ ಬಿಚ್ಚಿ, ಇಬ್ಬರು ಸೇರಿ ಎರಡೂ ಪಕ್ಕಗಳನ್ನು ಒಳಕ್ಕೆ ಬಾಗಿಸಿ, ಹಿಂಬಾಗಿಲ ಕಡೆಯಿಂದ ಎಳೆಯಿರಿ. ಕೆಳಗೆ ಲೈನರ್‌ನ ಏಣುಗಳು ತಾಗುವ ಜಾಗದಲ್ಲಿ ಬಣ್ಣ ಸವೆದ ಗೆರೆಗಳು ಕಾಣಬಹುದು, ಮೂಲೆಗಳಲ್ಲಿ ಕಪ್ಪು ಕೆಸರು ಕೂತಿರಬಹುದು. ಬೆಡ್‌ನಲ್ಲಿರುವ ನೀರಿಳಿಯುವ ರಂಧ್ರಗಳನ್ನು ಚುಚ್ಚಿ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ. ತುಕ್ಕು ಕಂಡ ಕಡೆ ತಗಡು ಹೊಳೆಯುವ ತನಕ ಉಜ್ಜಿ, ತುಕ್ಕುನಿರೋಧಕ ಪ್ರೈಮರ್ ಹಾಕಿ, ಮೇಲೆ ಬಣ್ಣ ಕೊಡಿ. ಸ್ಕ್ರೂ ಹಾಕಲು ಕೊರೆದ ತೂತಿನ ಅಂಚುಗಳನ್ನು ಬಹಳ ಜನ ಮರೆಯುತ್ತಾರೆ. ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಬಣ್ಣ ಗಟ್ಟಿಯಾಗುವ ಮೊದಲೇ ಲೈನರ್ ವಾಪಸ್ ಕೂರಿಸಬೇಡಿ.

ಸ್ಪ್ರೇ-ಆನ್‌ಗೆ ಈ ರಗಳೆ ಇಲ್ಲ, ಅದು ತಗಡಿಗೆ ಅಂಟಿಕೊಂಡಿರುತ್ತದೆ. ಅದರ ತೊಂದರೆ ತರಿತರಿ ಮೈಯದು. ಮಣ್ಣು ಆ ಗುಳಿಗಳಲ್ಲಿ ಕೂರುತ್ತದೆ. ಮೊದಲು ಒಣದಾಗಿಯೇ ಗುಡಿಸಿ, ಆಮೇಲೆ ನೆರಳಿನಲ್ಲಿ, ಮೂತಿ ಸ್ವಲ್ಪ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕಾರ್ ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ಸಾಕು, ಬ್ರಷ್ ನೈಲಾನಿನದ್ದಿರಲಿ. ಕೈಯಗಲ ಕೈಯಗಲ ಉಜ್ಜುತ್ತಾ, ನೊರೆ ಒಣಗುವ ಮೊದಲೇ ನೀರು ಬಿಡಿ. ಬಿಸಿಲಲ್ಲಿ ಒಣಗಿದ ನೊರೆಯೂ ನೀವು ಹೇಳಿದಂಥದೇ ಬಿಳಿ ಕಲೆ ಬಿಡುತ್ತದೆ! ಪ್ರೆಶರ್ ವಾಷರ್ ಬಳಸಬಹುದು, ಆದರೆ ಅಗಲವಾಗಿ ಚಿಮ್ಮುವ ನಾಜಲ್ ಹಾಕಿ, ಒಂದಡಿಗಿಂತ ಹತ್ತಿರ ಹಿಡಿಯಬೇಡಿ. ಅಂಚಿಗೆ, ಬಿರುಕಿಗೆ ನೇರವಾಗಿ ಹೊಡೆದರೆ ಪದರ ಏಳುತ್ತದೆ.

ಪೆಟ್ರೋಲ್, ಬ್ರೇಕ್ ಆಯಿಲ್, ಬ್ಯಾಟರಿ ಆಸಿಡ್ ಚೆಲ್ಲಿದರೆ ವಾರದ ತೊಳೆತಕ್ಕೆ ಕಾಯಬೇಡಿ, ಆಗಲೇ ತೊಳೆಯಿರಿ. ಆಸಿಡ್‌ಗೆ ಮೊದಲು ಅಡಿಗೆ ಸೋಡಾ ಕಲಸಿದ ನೀರು ಹಾಕಿ. ಗೊಬ್ಬರ, ಉಪ್ಪು ಸಾಗಿಸಿದ ದಿನವೂ ಅಷ್ಟೇ, ಬರಿಗಾಡಿ ಅಂತ ಹಾಗೇ ನಿಲ್ಲಿಸಬೇಡಿ. ಡಾಂಬರಿನ ಕಲೆಗೆ ಸಿಟ್ರಸ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ, ತಕ್ಷಣ ಸೋಪು ನೀರಿನಲ್ಲಿ ತೊಳೆಯಿರಿ. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ.

ಇನ್ನು ಪಾಲಿಶ್. ಟೈರ್ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕೋನ್ ಎಣ್ಣೆ. ಬಳಿದ ದಿನ ಹೊಸದರಂತೆ ಕಾಣುತ್ತದೆ ನಿಜ, ಆದರೆ ತರಿ ಮೈಯ ಹಿಡಿತ ಹೋಗುತ್ತದೆ. ಬ್ರೇಕ್ ಒತ್ತಿದರೆ ಸಾಮಾನು ಜಾರಿ ಮುಂದಕ್ಕೆ ಬಡಿಯುತ್ತದೆ, ಮೇಲೆ ಹತ್ತಿದವರ ಕಾಲೂ ಜಾರುತ್ತದೆ. ಸಾಲದ್ದಕ್ಕೆ ದೂಳು ಅಂಟುತ್ತದೆ. ಬಣ್ಣ ಕಾಪಾಡಬೇಕು ಅಂತಿದ್ದರೆ ಸಿಲಿಕೋನ್ ಎಣ್ಣೆ ಇಲ್ಲದ, ನೀರಿನ ಆಧಾರದ ಯುವಿ ಪ್ರೊಟೆಕ್ಟೆಂಟ್ (ನೇರಳಾತೀತ ಕಿರಣ ತಡೆಯುವ ಲೇಪ) ತೆಳ್ಳಗೆ ಹಚ್ಚಿ. ಈಗಾಗಲೇ ತೀರಾ ಬೆಳ್ಳಗಾಗಿದ್ದರೆ ಸ್ಪ್ರೇ-ಆನ್ ಮೇಲೆ ಹೊಸ ಕೋಟ್ ಹಾಕಿಸುವುದೊಂದೇ ದಾರಿ, ನನ್ನ ಪ್ರಕಾರ ನೋಟಕ್ಕಾಗಿ ಮಾತ್ರ ಅಷ್ಟು ಖರ್ಚು ಮಾಡುವ ಅಗತ್ಯವಿಲ್ಲ. ಆ ದುಡ್ಡನ್ನು ತಗಡು ಕಾಣುವಷ್ಟು ಆಳದ ಗೀರು ಮುಚ್ಚಲು ಹಾಕಿ. ಗೀರಿನ ಸುತ್ತ ಬೆರಳಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪದರ ಎದ್ದಿದೆ, ನೀರು ಒಳಹೊಕ್ಕಿದೆ. ಎದ್ದಷ್ಟನ್ನೂ ಕತ್ತರಿಸಿ ತೆಗೆದು, ತುಕ್ಕು ಉಜ್ಜಿ, ಆಮೇಲೆಯೇ ರಿಪೇರಿ ಕಿಟ್ ಬಳಸಿ.

ನೀವು ಕೇಳದಿದ್ದರೂ ಒಂದು ಮಾತು. ಪ್ಲಾಸ್ಟಿಕ್ ಲೈನರ್ ಮೇಲೆ ಪೆಟ್ರೋಲ್ ಕ್ಯಾನ್ ಇಟ್ಟು ಬಂಕಿನಲ್ಲಿ ತುಂಬಿಸಬೇಡಿ. ಪೆಟ್ರೋಲ್ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಲೈನರ್ ಅದನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ, ಕಿಡಿ ಹಾರಿದರೆ ಆವಿ ಹೊತ್ತಿಕೊಳ್ಳುತ್ತದೆ. ಇಂಥ ಬೆಂಕಿಗಳ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1998ರಲ್ಲೇ ಎಚ್ಚರಿಸಿತ್ತು. ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಡಿ, ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನವಾಗಿ ತುಂಬಿಸಿ.